ಎರಡು ಎಂಬಿಯ ಕೌದಿ

ಕೇಳಿ. ಇದು ರಾಜರ ಕಾಲದ ಕತೆಯಲ್ಲ. ರಾಜನಿದ್ದಿದ್ದರೆ ಅವನ ಮುಂದೆ ಕೌದಿ ಹರವಿ, ಕೈಮುಗಿದು, ನೋಡಪ್ಪ ಎಂದು ತೋರಿಸಿ ಬರಬಹುದಿತ್ತು. ಇದು ಪೋರ್ಟಲ್ ಕಾಲದ ಕತೆ. ಪೋರ್ಟಲ್ಲಿಗೆ ಕೈಮುಗಿದರೂ ಕಾಣುವುದಿಲ್ಲ, ಕೌದಿ ಹರವಿದರೂ ಕಾಣುವುದಿಲ್ಲ. ಈ ಕತೆ ಹೇಳುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ, ಹೇಳುತ್ತೇನೆ.

ದ್ಯಾಮವ್ವ ಎಂಬಾಕೆ. ಆಕೆಗೆ ಒಬ್ಬನೇ ಮಗ, ಅಡಿವೆಪ್ಪ. ವಯಸ್ಸು ಮೂವತ್ತಾದರೂ ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು, ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಡಿಮೆಯಿಲ್ಲ. ಮಳೆ ಬಂದರೆ ಕೋಳಿ ಒಳಗೆ ಹಾಕು ಎಂದು ಹೇಳಿ ಅವ್ವ ಬಾವಿಗೆ ಹೋದಳು. ಮಳೆ ಬಂತು. ಅಡಿವೆಪ್ಪ ಕೋಳಿ ಒಳಗೆ ಹಾಕಿದ. ಅಂಗಳದಲ್ಲಿ ಒಣಗಲು ಹಾಕಿದ್ದ ಮೆಣಸಿನಕಾಯಿ ತೋಯ್ದು ತೊಪ್ಪೆಯಾಯಿತು.

"ಮೆಣಸಿನಕಾಯಿ ಕಾಣಲಿಲ್ಲೇನೋ?"

"ಕಂಡುವು ಬೇ. ನೀ ಕೋಳಿ ಅಷ್ಟ ಹೇಳಿದ್ದಿ."

ಇಂಥವನು. ಕೆಟ್ಟವನಲ್ಲ, ಮೈಗಳ್ಳನಲ್ಲ, ಎದುರು ಮಾತಾಡುವವನಲ್ಲ. ಎದುರು ಮಾತಾಡಿದ್ದರೆ ಎಷ್ಟೋ ಚಲೋ ಇತ್ತು ಎಂದು ದ್ಯಾಮವ್ವ ತಲೆ ಚಚ್ಚಿಕೊಳ್ಳುತ್ತಿದ್ದಳು.

ಆ ದ್ಯಾಮವ್ವ ನಲವತ್ತು ವರ್ಷದಿಂದ ಕೌದಿ ಹೊಲಿಯುವವಳು. ಹಳೇ ಸೀರೆ, ಹಳೇ ಧೋತರ, ಹರಿದ ಕುಪ್ಪಸ, ಎಲ್ಲವನ್ನೂ ತುಂಡು ಮಾಡಿ, ತುಂಡಿಗೆ ತುಂಡು ಕೂಡಿಸಿ, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಹಾಕಿ ಹೊದಿಕೆ ಮಾಡುತ್ತಿದ್ದಳು. ಅದನ್ನು ಪೇಟೆಯ ಅಂಗಡಿಯವನೊಬ್ಬ ಒಯ್ಯುತ್ತಿದ್ದ. ಒಯ್ದು, ಮೂಲೆಗೆ ತನ್ನ ಅಂಗಡಿಯ ಹೆಸರಿನ ಚೀಟಿ ಹೊಲಿಸಿ, ನಮ್ಮದೇ ಕೆಲಸ ಎಂದು ಮಾರುತ್ತಿದ್ದ. ನಲವತ್ತು ವರ್ಷ. ಒಂದು ಕೌದಿಯ ಮೇಲಾದರೂ ದ್ಯಾಮವ್ವ ಎಂಬ ಮೂರು ಅಕ್ಷರ ಬಿದ್ದಿದ್ದರೆ ಕೇಳಿ.

ಹೀಗಿರುವಾಗ ಜಿಲ್ಲೆಯಲ್ಲಿ ಕರಕುಶಲ ಮೇಳ ಬಂತು. ಕೆಲಸ ಮಾಡಿದವರೇ ಬಂದು ಕೂತು ಮಾರಬೇಕು. ಮಳಿಗೆಯ ಮೇಲೆ ಅವರ ಹೆಸರಿನ ಹಲಗೆ ಹಾಕುತ್ತಾರೆ. ದ್ಯಾಮವ್ವನಿಗೆ ಮಾರಾಟದ ಆಸೆಗಿಂತ ಆ ಹಲಗೆಯ ಆಸೆ. ಅರ್ಜಿ ಪೋರ್ಟಲ್ಲಿನಲ್ಲೇ ಹಾಕಬೇಕು. ಗುರುತಿನ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಕೌದಿಯ ನಾಲ್ಕು ಫೋಟೋ, ಕೌದಿ ಹಿಡಿದುಕೊಂಡ ಕುಶಲಕರ್ಮಿಯ ಒಂದು ಫೋಟೋ, ಎಲ್ಲ ಸೇರಿ ಒಂದೇ ಪಿಡಿಎಫ್ ಫೈಲು. ಫೈಲು ಎರಡು ಎಂಬಿ ದಾಟುವಂತಿಲ್ಲ. ಫೋಟೋದಲ್ಲಿ ಹೊಲಿಗೆ ಒಂದೊಂದೂ ಸ್ಪಷ್ಟ ಕಾಣಬೇಕು. ಶುಕ್ರವಾರ ಸಂಜೆ ಐದಕ್ಕೆ ಕಡೆ. ಎಂಬಿ ಎಂದರೆ ಕಂಪ್ಯೂಟರಿನ ಸೇರು ಪಾವು ಎಂದಿಟ್ಟುಕೊಳ್ಳಿ. ಫೋಟೋ ಸ್ಪಷ್ಟವಾದಷ್ಟೂ ಭಾರ, ಹಗುರ ಮಾಡಿದಷ್ಟೂ ಮಸುಕು. ಸಣ್ಣದೂ ಇರಬೇಕು, ಸ್ಪಷ್ಟವೂ ಇರಬೇಕು ಎಂದು ಬರೆದ ಪುಣ್ಯಾತ್ಮನ ಮುಖ ನಾನು ನೋಡಿಲ್ಲ. ನೋಡಿದ ದಿನ ಎರಡು ಮಾತು ಹೇಳುವುದಿದೆ.

ದ್ಯಾಮವ್ವನಿಗೆ ಮೊಣಕಾಲು ನೋವು, ಪೇಟೆಗೆ ಹೋಗಲಾರಳು. ಜೊತೆಗೆ ಮೇಳಕ್ಕೆಂದೇ ಎಂಟು ತಿಂಗಳಿಂದ ಹೊಲಿಯುತ್ತಿದ್ದ ಕೌದಿಗೆ ಕಡೇ ಮೂಲೆಯೊಂದು ಬಾಕಿ ಇತ್ತು. ಅವಳ ಮದುವೆಯ ಕೆಂಪು ಸೀರೆ, ತೀರಿಹೋದ ಗಂಡನ ಹಳದಿ ರುಮಾಲು, ಎಲ್ಲ ಅದರಲ್ಲಿತ್ತು. ಸೋಮವಾರ ಬೆಳಿಗ್ಗೆ ಮಗನ ಕೈಗೆ ಫೋನು ಕೊಟ್ಟು ಕೌದಿ ಹರವಿದಳು.

"ಫೋಟೋ ತಗೀಪಾ. ಪಿಡಿಎಫ್ ಮಾಡಿ ಒಯ್ದು ಸೇವಾ ಕೇಂದ್ರದ ಮೆಹರೂನ್ ಕೈಯಾಗ ಕೊಡು. ಒಂದು ಹೊಲಿಗೀನೂ ಬಿಡಬ್ಯಾಡ ಮತ್ತ."

ಅಡಿವೆಪ್ಪ ಒಂದು ಹೊಲಿಗೆಯನ್ನೂ ಬಿಡಲಿಲ್ಲ. ಕೌದಿಯ ಮೇಲೆ ಅಂಬೆಗಾಲಿಟ್ಟು, ಗೇಣು ಗೇಣಿಗೊಂದು ಫೋಟೋ ತೆಗೆದ. ಇನ್ನೂರ ಹನ್ನೆರಡು ಫೋಟೋ. ಎಲ್ಲವನ್ನೂ ಫೈಲಿಗೆ ತುರುಕಿ ಸೇವಾ ಕೇಂದ್ರಕ್ಕೆ ಹೋದ. ಮೆಹರೂನ್ ಅದನ್ನು ತೆರೆಯಲು ಹೋದಳು, ಕಂಪ್ಯೂಟರು ಅಲ್ಲೇ ಕೂತಿತು. ಹಿಂದೆ ರೇಷನ್ ಕಾರ್ಡಿಗೆ ಬೆರಳು ಒತ್ತಲು ಬಂದ ಅರವತ್ತು ಜನ. ಎಲ್ಲರೂ ಅಡಿವೆಪ್ಪನ ಬೆನ್ನು ನೋಡುತ್ತ ನಿಂತರು.

"ಎಂಟುನೂರ ಐವತ್ತು ಎಂಬಿ ಐತಿ ಅಡಿವೆಪ್ಪ. ಅವರು ಕೇಳಿದ್ದು ಎರಡು. ಇದನ್ನ ಟ್ರ್ಯಾಕ್ಟರ್‌ನ್ಯಾಗ ಹೇರಬೇಕು."

"ಹೇರೂಣೇನ ಅಕ್ಕಾ?"

"ಏನೂ ಹೇರಬ್ಯಾಡ. ಒಂದ ಥರದ್ದು ಎರಡೆರಡು ಇಡಬ್ಯಾಡ. ಒಂದಿಟ್ಟು, ಉಳಿದದ್ದು ತಗದು ನಾಳೆ ಬಾ."

ಮನೆಗೆ ಬಂದು ಹೇಳಿದ. ದ್ಯಾಮವ್ವ ಸೂಜಿ ಕೆಳಗಿಟ್ಟಳು.

"ಇನ್ನೂರ ಹನ್ನೆರಡೇನೋ? ಹುಚ್ಚಪ್ಯಾಲಿ, ಅದು ಕೌದಿಯೋ ಹೊಲದ ಸರ್ವೇನೋ? ಮೆಹರೂನ್ ಹೇಳಿದ್ದು ಕೇಳು. ಒಂದ ಥರದ್ದು ಎರಡಿದ್ರ ಒಂದಿಡು, ಒಂದು ತಗೀ."

"ಒಂದಿಡತೀನಿ, ಒಂದು ತಗೀತೀನಿ," ಎಂದ ಅಡಿವೆಪ್ಪ.

ಮಂಗಳವಾರ. ಗುರುತಿನ ಚೀಟಿಗೆ ಎರಡು ಬದಿ. ಎರಡರ ಮೇಲೂ ಅದೇ ನಂಬರು. ಒಂದಿಟ್ಟ, ಒಂದು ತೆಗೆದ. ವಿಳಾಸ ಇದ್ದದ್ದು ತೆಗೆದ ಬದಿಗೆ. ಕೌದಿಗೆ ನಾಲ್ಕು ಫೋಟೋ ಬೇಕು, ನಾಲ್ಕರಲ್ಲೂ ಅದೇ ಕೌದಿ. ಒಂದಿಟ್ಟ, ಮೂರು ತೆಗೆದ. ಹಾದಿಯಲ್ಲಿ ಕನ್ನಡಕದ ಅಂಗಡಿ. ಅವ್ವನ ಕನ್ನಡಕದ ಕಾಲು ಮುರಿದಿತ್ತು, ರಿಪೇರಿಗೆ ಕೊಟ್ಟದ್ದನ್ನು ತರಬೇಕಿತ್ತು. ಅಂಗಡಿಯವನು ಒರೆಸಿ ಕೊಟ್ಟ. ಅಡಿವೆಪ್ಪ ಕನ್ನಡಕವನ್ನು ತಿರುಗಿಸಿ ತಿರುಗಿಸಿ ನೋಡಿದ. ಎರಡು ಗಾಜು, ಎರಡೂ ಒಂದೇ ಥರ. "ಇದರಾಗಿಂದು ಒಂದು ತಗದ ಬಿಡ್ರಿ," ಎಂದ. ಅಂಗಡಿಯವನಿಗೇನು, ತೆಗೆದುಕೊಟ್ಟ.

ಕೇಂದ್ರದಲ್ಲಿ ಮೆಹರೂನ್ ಫೈಲು ನೋಡಿದಳು. ಒಂದೇ ಬದಿಯ ಚೀಟಿ, ಒಂದೇ ಫೋಟೋ, ಆದರೂ ಇಪ್ಪತ್ತನಾಲ್ಕು ಎಂಬಿ. ಯಾಕೆಂದರೆ ಪಾಸ್‌ಬುಕ್ಕಿನ ಹಾಳೆ, ಗುರುತಿನ ಚೀಟಿ, ಎಲ್ಲವನ್ನೂ ದೊಡ್ಡ ದೊಡ್ಡದಾಗಿ ಬಣ್ಣದಲ್ಲಿ ತೆಗೆದಿದ್ದ.

"ಚೀಟಿಗೆ ಎರಡೂ ಬದಿ ಬೇಕು. ಕೌದಿಗೆ ನಾಲ್ಕೂ ಫೋಟೋ ಬೇಕು. ಇನ್ನ ಈ ಕಾಗದಪತ್ರ ಬಣ್ಣದಾಗ ಯಾಕ? ಅಕ್ಷರ ಓದಾಕ ಬಂದ್ರ ಸಾಕು. ಬಣ್ಣಕ್ಕ ಭಾರ ಜಾಸ್ತಿ. ಕರೇ ಬಿಳೇ ಮಾಡ್ಕೊಂಡು ಬಾ."

ಮನೆಗೆ ಬಂದ. ದ್ಯಾಮವ್ವ ಕನ್ನಡಕ ಹಾಕಿಕೊಂಡಳು. ಒಂದು ಕಣ್ಣಿಗೆ ಮಗ ಸ್ಪಷ್ಟ ಕಂಡ, ಇನ್ನೊಂದಕ್ಕೆ ಮಂಜು ಮಂಜಾಗಿ ಕಂಡ.

"ಇದರ ಗಾಜು ಎಲ್ಲೋ?"

"ಒಂದ ಥರದ್ದು ಎರಡಿದ್ವು ಬೇ. ಒಂದು ತಗಸಿದೆ."

"ನನ್ನ ಕಣ್ಣೂ ಒಂದ ಥರದ್ದು ಎರಡು ಅದಾವು, ಒಂದು ಕಿತ್ತು ಬಿಡು ಹಂಗಾರ. ಎಂಟು ತಿಂಗಳು ಹೊಲದದ್ದು, ಕಡೇ ಮೂಲೀಗೆ ಬಂದು ಕುರುಡಿ ಆದ್ನೆಲ್ಲೋ." ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಗಾಜಿಲ್ಲದ ಕಣ್ಣು ಮುಚ್ಚಿ, ಗಾಜಿದ್ದ ಕಣ್ಣಲ್ಲಿ ದಾರ ಪೋಣಿಸಿದಳು. ಅಲ್ಲಿಂದ ಮುಂದೆ ಈ ಕತೆ ಮುಗಿಯುವ ತನಕ ಅವಳು ಒಂದೇ ಕಣ್ಣಲ್ಲಿ ನೋಡುತ್ತಾಳೆ, ನೆನಪಿಡಿ. "ಮೆಹರೂನ್ ಇನ್ನೇನಂದ್ಲು?"

"ಬಣ್ಣಕ್ಕ ಭಾರ ಜಾಸ್ತಿ, ಕರೇ ಬಿಳೇ ಮಾಡು ಅಂದ್ಲು."

"ಮಾಡು ಮತ್ತ. ಆಕಿ ಹೇಳಿದಂಗ ಮಾಡು."

ಬುಧವಾರ. ಅಡಿವೆಪ್ಪ ಕಾಗದಪತ್ರವನ್ನು ಕಪ್ಪು ಬಿಳುಪು ಮಾಡಿದ. ಚಲೋ ಮಾಡಿದ. ಇಲ್ಲಿಗೆ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ. ದೂರ ನಿಂತು ಹೊಸದಾಗಿ ತೆಗೆದಿದ್ದ ಕೌದಿಯ ನಾಲ್ಕು ಫೋಟೋ ನೋಡಿದ. ಬಣ್ಣವೆಂದರೆ ಬಣ್ಣ. ಕೆಂಪು, ಹಳದಿ, ಗಿಳಿಹಸಿರು, ಜಾಂಬಳಿ. ಎಷ್ಟು ಭಾರ ಇದ್ದೀತು ಎಂದುಕೊಂಡ. ಎಲ್ಲವನ್ನೂ ಕಪ್ಪು ಬಿಳುಪು ಮಾಡಿ ಮೊದಲು ಅವ್ವನಿಗೆ ತೋರಿಸಿದ.

ದ್ಯಾಮವ್ವ ಫೋನನ್ನು ಗಾಜಿನ ಕಣ್ಣಿಗೆ ಹಿಡಿದಳು.

"ಇದು ಯಾರ ಮನಿ ಕೌದಿ?"

"ನಮ್ದ ಬೇ."

"ನಮ್ದಲ್ಲ. ನನ್ನ ಮದುವಿ ಸೀರಿ ಎಲ್ಲೈತಿ ಇದರಾಗ? ನಿಮ್ಮಪ್ಪನ ರುಮಾಲು ಎಲ್ಲೈತಿ? ಆತ ಆ ಹಳದಿ ರುಮಾಲು ಸುತ್ತಿಕೊಂಡು ಬಂದ್ರ ಹರದಾರಿ ದೂರದಿಂದ ಗುರುತು ಸಿಗತಿತ್ತು. ಅದನ್ನ ಬೂದಿ ಮಾಡಿಟ್ಟಿ. ಬಣ್ಣ ತಗದ್ರ ಕೌದಿಯೊಳಗ ಉಳಿಯೂದೇನೋ, ಚಿಂದಿ."

ಅಡಿವೆಪ್ಪ ತಲೆ ತಗ್ಗಿಸಿ ನಿಂತ. ಅವಳು ಬೈದಳು, ಬೈದು ಸುಸ್ತಾಗಿ ನೀರು ಕುಡಿದಳು. ಕುಡಿದು ಮತ್ತೆ ಬೈದಳು. ಕಡೆಗೆ ಬಣ್ಣ ಇದ್ದದ್ದು ಬಣ್ಣದಲ್ಲೇ ಇರಲಿ ಎಂದು ಹೇಳಿ ಕೇಂದ್ರಕ್ಕೆ ಅಟ್ಟಿದಳು. ಮೆಹರೂನ್ ಬಣ್ಣದ ಫೋಟೋ ನೋಡಿ ಬೇರೆಯೇ ತಪ್ಪು ಹಿಡಿದಳು.

"ಇದರಾಗ ಅರ್ಧ ಕೌದಿ, ಉಳಿದರ್ಧ ಗ್ವಾಡಿ, ಸೈಕಲ್ಲು, ಕೋಳಿ. ಆ ಕೋಳೀದೂ ಭಾರ ಹಿಡಿತೈತಿ ಅಡಿವೆಪ್ಪ. ಬೇಕಾದ್ದಷ್ಟ ತಗೋ, ಸುತ್ತಲಿದ್ದದ್ದು ಬಿಡು."

ನಿಮಗೆ ಒಂದು ಪ್ರಶ್ನೆ ಬಂದಿರಬೇಕು. ಆ ಮೆಹರೂನ್ ತಾನೇ ಕೂತು ಮಾಡಿಕೊಟ್ಟಿದ್ದರೆ ಆಗುತ್ತಿರಲಿಲ್ಲವೇ? ನಾನೂ ಕೇಳಿದ್ದೆ. ದಿನಕ್ಕೆ ಮೂರು ತಾಸು ಕರೆಂಟು, ಒಂದೇ ಕಂಪ್ಯೂಟರು, ಬೆರಳು ಹಿಡಿದು ನಿಂತ ಅರವತ್ತು ಜನ. ಬೆರಳು ಒತ್ತದಿದ್ದರೆ ಅವರಿಗೆ ಅಕ್ಕಿ ಇಲ್ಲ. ಆಕೆ ಯಾರನ್ನು ಬಿಟ್ಟು ಯಾರದ್ದು ಮಾಡಬೇಕು? ಸಿಟ್ಟು ಮಾಡುವುದಾದರೆ ಆಕೆಯ ಮೇಲೆ ಮಾಡಬೇಡಿ, ಜಾಗ ಬೇರೆ ಇದೆ.

"ಬೇಕಾದ್ದಷ್ಟ ತಗೋ, ಸುತ್ತಲಿದ್ದದ್ದು ಬಿಡು," ಎಂದು ಮನೆಯಲ್ಲಿ ದ್ಯಾಮವ್ವನೂ ಹತ್ತು ಸಲ ಹೇಳಿದಳು. "ಬೇಕಾದ್ದಷ್ಟ ತಗೋತೀನಿ, ಸುತ್ತಲಿದ್ದದ್ದು ಬಿಡತೀನಿ," ಎಂದು ಅಡಿವೆಪ್ಪ ಮಲಗುವ ತನಕ ಹನ್ನೊಂದು ಸಲ ಹೇಳಿಕೊಂಡ.

ಗುರುವಾರ. ಗೋಡೆ ಹೋಯಿತು, ಸೈಕಲ್ಲು ಹೋಯಿತು, ಕೋಳಿ ಹೋಯಿತು. ನಾಲ್ಕು ಫೋಟೋದಲ್ಲಿ ಬರೀ ಕೌದಿ. ಐದನೆಯದು ಕುಶಲಕರ್ಮಿಯ ಫೋಟೋ. ಅದಕ್ಕಾಗಿ ದ್ಯಾಮವ್ವ ತಲೆ ಬಾಚಿ, ಇದ್ದ ಒಂದು ಇಳಕಲ್ ಸೀರೆ ಉಟ್ಟು, ಕೌದಿಯ ಎರಡು ಮೂಲೆ ಹಿಡಿದು ನಿಂತಿದ್ದಳು. ಅಡಿವೆಪ್ಪ ಆ ಫೋಟೋ ನೋಡಿದ. ನಡುವೆ ಕೌದಿ. ಕೌದಿಯ ಹಿಂದೆ, ಮೇಲೆ, ಸುತ್ತಲೂ ಅವ್ವ. ಬೇಕಾದದ್ದು ಕೌದಿ. ಸುತ್ತಲಿದ್ದದ್ದು ಬಿಟ್ಟ.

ಸಂಜೆ ಅವ್ವನಿಗೆ ತೋರಿಸಿದ. ಫೋಟೋದಲ್ಲಿ ಕೌದಿ ಇತ್ತು. ಕೌದಿಯ ಮೂಲೆಗೆ ಎರಡು ಹೆಬ್ಬೆರಳು ಇದ್ದುವು. ದ್ಯಾಮವ್ವ ಇರಲಿಲ್ಲ.

ಈ ಸಲ ಅವಳು ಕೂಗಲಿಲ್ಲ.

"ಅಂಗಡಿಯಾಂವ ನಲವತ್ತು ವರ್ಷ ಇದನ್ನ ಮಾಡಿದ," ಎಂದಳು. "ಕೌದಿ ತಗೊಂಡ, ನನ್ನ ಬಿಟ್ಟ. ಆಂವ ಹೊರಗಿನಾಂವ. ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಂವ ಅಡಿವೆಪ್ಪ."

"ಭಾರ ಕಡಿಮಿ ಆಗಲಿ ಅಂತ ಬೇ."

"ನಾ ಭಾರೇನೋ?"

ಅಡಿವೆಪ್ಪ ಫೋನು ಕೆಳಗಿಟ್ಟ. ಅವನ ಕಣ್ಣಲ್ಲಿ ನೀರು ಬಂತು. ಬುದ್ಧಿ ಕಡಿಮೆ ಇದ್ದವರಿಗೆ ನೋವೂ ಕಡಿಮೆ ಎಂದು ಯಾರಾದರೂ ಹೇಳಿದರೆ ಅವರ ಜೊತೆ ನಾನು ಜಗಳಕ್ಕೆ ಬೀಳುತ್ತೇನೆ.

ಶುಕ್ರವಾರ ದ್ಯಾಮವ್ವ ಮೊಣಕಾಲಿಗೆ ಎಣ್ಣೆ ಹಚ್ಚಿ, ಕೌದಿ ಹೆಗಲಿಗೆ ಹಾಕಿ, ತಾನೇ ಹೊರಟಳು. ಕಡೇ ಮೂಲೆ ಇನ್ನೂ ಬಾಯಿ ತೆರೆದಿತ್ತು. ಸೇವಾ ಕೇಂದ್ರದಲ್ಲಿ ಜನ ಇದ್ದರು. ಒಂದೇ ಗಾಜಿನ ಕನ್ನಡಕದ ಮುದುಕಿ ಕುಂಟುತ್ತ ಬಂದದ್ದು ನೋಡಿ ತಾವಾಗಿಯೇ ಸರಿದರು. ಮೆಹರೂನ್ ಎದ್ದು ತನ್ನ ಕುರ್ಚಿ ಕೊಟ್ಟಳು.

ದ್ಯಾಮವ್ವ ಅಲ್ಲೇ ಕೂತು ಕಡೇ ಮೂಲೆ ಹೊಲಿದಳು. ಹೊಲಿಗೆ ಮುಚ್ಚುವ ಮುಂಚೆ ಸೆರಗಿನ ಗಂಟಿನಿಂದ ಜೋಳದ ರೊಟ್ಟಿಯ ಒಂದು ಚೂರು ತೆಗೆದು ಮೂಲೆಯೊಳಗಿಟ್ಟಳು. ಅದು ಅವಳ ತವರಿನ ಪದ್ಧತಿ. ಅವಳ ಅವ್ವ ಹಾಗೇ ಮಾಡುತ್ತಿದ್ದಳು, ಅವ್ವನ ಅವ್ವ ಹಾಗೇ ಮಾಡುತ್ತಿದ್ದಳು.

"ಇದು ಯಾಕ ಬೇ?" ಎಂದ ಅಡಿವೆಪ್ಪ.

"ಕೌದಿ ಹಸಕೊಂಡು ಹೋಗಬಾರದು. ಹಸದ ಕೌದಿ ಹೊಚ್ಚಿಕೊಂಡವರಿಗೆ ಬೆಚ್ಚಗಾಗಂಗಿಲ್ಲ. ಮನಿಯಿಂದ ಏನ ಕಳಸಿದ್ರೂ ಮೂಲಿ ಖಾಲಿ ಬಿಟ್ಟು ಕಳಸಬ್ಯಾಡ, ನೆನಪಿಟ್ಕೊ."

ಅಡಿವೆಪ್ಪ ನೆನಪಿಟ್ಟುಕೊಂಡ.

ಮೆಹರೂನ್ ಹೊಸದಾಗಿ ಐದು ಫೋಟೋ ತೆಗೆದಳು, ಐದನೆಯದರಲ್ಲಿ ದ್ಯಾಮವ್ವನ ಪೂರಾ ಮುಖ ಬರುವಂತೆ. ಕಾಗದಪತ್ರ ಕಪ್ಪು ಬಿಳುಪು ಮಾಡಿದಳು, ಕೌದಿ ಬಣ್ಣದಲ್ಲೇ ಇಟ್ಟಳು. ಫೋಟೋ ಅಳತೆಯನ್ನು ಹಾಳೆಗೆ ಎಷ್ಟು ಬೇಕೋ ಅಷ್ಟಕ್ಕೆ ಇಳಿಸಿದಳು. ಇಳಿಸಿ, ಹೊಲಿಗೆ ಕಾಣುತ್ತದೋ ಇಲ್ಲವೋ ಎಂದು ದೊಡ್ಡದು ಮಾಡಿ ನೋಡಿದಳು. ಇನ್ನಷ್ಟು ಇಳಿಸಿದಳು, ಮತ್ತೆ ನೋಡಿದಳು. ಮಸುಕಾದಾಗ ಒಂದು ಮೆಟ್ಟಿಲು ಹಿಂದೆ ಬಂದಳು.

"ಕಣ್ಣಿಗೆ ಕಾಣೂದು ಬಿಟ್ಟಿಲ್ಲ ಯವ್ವಾ, ಕಾಣದ ಭಾರ ಅಷ್ಟ ತಗದೀನಿ," ಎಂದಳು. ಒಂದು ಪಾಯಿಂಟ್ ಏಳು ಎಂಬಿ. ಹೊಲಿಗೆ ಅಕ್ಕಿಕಾಳಿನ ಹಾಗೆ ಎಣಿಸಬಹುದಿತ್ತು. ಅರ್ಧ ತಾಸಿನ ಕೆಲಸ.

ಪೋರ್ಟಲ್ಲಿಗೆ ಹಾಕಿದರೆ ಪರದೆಯ ಮೇಲೆ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ನಿಲ್ಲಲಿಲ್ಲ. ಮೂರು ಗಂಟೆಯಾಯಿತು. ಯಾರೂ ಉಂಡಿರಲಿಲ್ಲ. "ಅಡಿವೆಪ್ಪ, ಚಕ್ರ ನಿಂತ ಕೂಡ್ಲೆ ಹಸಿರು ಗುಂಡಿ ಒತ್ತು," ಎಂದು ಹೇಳಿ ಮೆಹರೂನ್ ದ್ಯಾಮವ್ವನನ್ನು ಹಿಂದಿನ ಕೋಣೆಗೆ ಚಹಾ ಕುಡಿಸಲು ಕರೆದೊಯ್ದಳು.

ಚಕ್ರ ನಿಂತಿತು. ಅಡಿವೆಪ್ಪ ಪರದೆ ಓದಿದ. ಮಿತಿ ಎರಡು ಎಂಬಿ. ನಿಮ್ಮ ಫೈಲು ಒಂದು ಪಾಯಿಂಟ್ ಏಳು. ಮತ್ತೊಮ್ಮೆ ಓದಿದ. ಪಾಯಿಂಟ್ ಮೂರರಷ್ಟು ಜಾಗ ಉಳಿದಿತ್ತು, ಫೈಲಿನ ಮೂಲೆ ಖಾಲಿ ಇತ್ತು.

ಅವನು ಗಾಬರಿಯಾದ. ಅವ್ವ ಈಗಷ್ಟೇ ಹೇಳಿದ್ದಾಳೆ. ಉಳಿದ ರೊಟ್ಟಿ ಚೂರು ಮೇಜಿನ ಮೇಲೇ ಇತ್ತು. ಅದರ ಫೋಟೋ ತೆಗೆದ. ನಾಲ್ಕು ದಿನ ಅದೇ ಮಾಡಿ ಮಾಡಿ ಅಷ್ಟು ಬರುತ್ತಿತ್ತು, ಮೆಹರೂನ್ ಮಾಡಿದಂತೆಯೇ ಅಳತೆ ಇಳಿಸಿ ಫೈಲಿನ ಕಡೇ ಹಾಳೆಯಾಗಿ ಸೇರಿಸಿ ಮತ್ತೆ ಪೋರ್ಟಲ್ಲಿಗೆ ಹಾಕಿದ. ಒಂದು ಪಾಯಿಂಟ್ ಒಂಬತ್ತು. ಹಸಿರು ಗುಂಡಿ ಒತ್ತಿದ. ನಿಮ್ಮ ಅರ್ಜಿ ಸಲ್ಲಿಕೆಯಾಗಿದೆ ಎಂದು ಬಂತು. ಅವನ ಜನ್ಮದಲ್ಲಿ ಒಂದು ಕೆಲಸ ಬೈಗುಳವಿಲ್ಲದೆ ಮುಗಿದದ್ದು ಅದೇ ಮೊದಲು. ದ್ಯಾಮವ್ವ ಮಗನ ತಲೆ ಸವರಿದಳು.

ಹದಿನೈದು ದಿನಕ್ಕೆ ಮೆಸೇಜು ಬಂತು. ಮೆಹರೂನ್ ಓದಿದಳು. ಓದಿ ಕಣ್ಣುಜ್ಜಿಕೊಂಡು ಮತ್ತೆ ಓದಿದಳು. ಹೆಸರು, ದ್ಯಾಮವ್ವ. ಮಳಿಗೆ ನಂಬರು ನಲವತ್ತೊಂದು. ವಿಭಾಗ, ತಿಂಡಿ ತಿನಿಸು. ಉತ್ಪನ್ನ, ಜೋಳದ ರೊಟ್ಟಿ.

ಹೇಳಿ ಈಗ. ಹೊಲಿಗೆ ಒಂದೊಂದೂ ಸ್ಪಷ್ಟ ಕಾಣಬೇಕು ಎಂದವರು ಯಾರು? ಅದಕ್ಕಾಗಿ ಒಬ್ಬ ಮುದುಕಿ ಕನ್ನಡಕದ ಗಾಜು ಕಳಕೊಂಡಳು, ಒಂದು ವಾರ ಕಳಕೊಂಡಳು, ಮೊಣಕಾಲು ಊದಿಸಿಕೊಂಡಳು. ಕಡೇ ಹಾಳೆಯೊಂದನ್ನು ನೋಡಿ ಠಸ್ಸೆ ಹೊಡೆದರು. ಮೊದಲಿನ ಹಾಳೆ ತಿರುಗಿಸಿ ನೋಡಲು ಯಾರ ಬೆರಳು ಸವೆಯುತ್ತಿತ್ತು?

"ರೊಟ್ಟಿ ಫೋಟೋ ಯಾಕ ಹಾಕಿದ್ಯೋ?" ಎಂದಳು ದ್ಯಾಮವ್ವ.

"ಮೂಲಿ ಖಾಲಿ ಇತ್ತು ಬೇ. ಕೌದಿ ಹಸಕೊಂಡು ಹೋಗಬಾರದು ಅಂದಿದ್ದಿ."

ಅವಳು ಕೈ ಎತ್ತಿದಳು, ಹೊಡೆಯಲು. ಎತ್ತಿದ ಕೈ ಹಾಗೇ ಇಳಿಯಿತು. "ಇರ್ಲಿ. ಹೆಸರಿನ ಹಲಗಿ ಆದ್ರೂ ಸಿಗತೈತಿ. ಕೌದಿ ಹರವೂಣು. ಕಣ್ಣಿದ್ದವರು ನೋಡ್ತಾರ."

ಮೇಳಕ್ಕೆ ಹೋದರು. ಹಲಗೆ ಇತ್ತು, ದೊಡ್ಡ ಅಕ್ಷರದಲ್ಲಿ: ದ್ಯಾಮವ್ವ, ಜೋಳದ ರೊಟ್ಟಿ. ಒಂದು ಬದಿಗೆ ಗಿರಮಿಟ್ಟು, ಇನ್ನೊಂದು ಬದಿಗೆ ಮಂಡಕ್ಕಿ. ನಡುವೆ ಎಂಟು ತಿಂಗಳ ಆ ಕೌದಿಯೂ ಮೊದಲೇ ಹೊಲಿದಿಟ್ಟಿದ್ದ ಹನ್ನೊಂದೂ ಸೇರಿ ಹನ್ನೆರಡು ಕೌದಿ ಹರವಿ ತಾಯಿ ಮಗ ಕೂತರು. ಹತ್ತು ನಿಮಿಷಕ್ಕೆ ಮೇಳದ ಸಾಹೇಬ ಬಂದ. ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಪಟ್ಟಿ.

"ಇದು ತಿನಿಸಿನ ಸಾಲು. ರೊಟ್ಟಿ ಬಿಟ್ಟು ಬೇರೇನೂ ಮಾರೋ ಹಾಗಿಲ್ಲ."

"ಅರ್ಜಿ ಕೌದೀದು ಹಾಕಿದ್ದೆ ಸಾಹೇಬ್ರ," ಎಂದಳು ದ್ಯಾಮವ್ವ.

"ಪಟ್ಟಿಯಲ್ಲಿ ರೊಟ್ಟಿ ಅಂತಿದೆ ಅಜ್ಜಿ. ಪಟ್ಟಿಯಲ್ಲಿದ್ದದ್ದೇ ಸರಿ. ಬೇಕಾದರೆ ರೊಟ್ಟಿ ಸುತ್ತಿ ಕೊಡೋದಕ್ಕೆ ಬಟ್ಟೆ ಇಟ್ಟುಕೊಳ್ಳಿ, ಅಷ್ಟೇ." ಹೋಗಿಬಿಟ್ಟ.

ದ್ಯಾಮವ್ವನ ಮೈ ಉರಿಯಿತು. ಮೇಲಿನ ಅಧಿಕಾರಿಯನ್ನೇ ಕೇಳುತ್ತೇನೆ ಎಂದು ಎದ್ದಳು. "ನಾ ಬರೂ ತನಕ ಇಲ್ಲೇ ಕುಂದ್ರು. ಯಾರ ಕೂಡಾನೂ ಜಗಳ ತಗೀಬ್ಯಾಡ. ಸಾಹೇಬ ಹೇಳಿದಂಗ ಮಾಡು."

ಅಡಿವೆಪ್ಪ ಸಾಹೇಬ ಹೇಳಿದಂತೆ ಮಾಡಿದ. ಜನ ಬಂದರು. ಹೆಂಗಸರು ಕೌದಿಯ ಮೇಲೆ ಕೈಯಾಡಿಸಿ ಬೆರಗಾದರು. ಎಷ್ಟಕ್ಕೆ ಕೊಡ್ತಿ ಎಂದು ಕೇಳಿದರು. "ಕೌದಿ ಮಾರಂಗಿಲ್ರಿ. ಇದು ರೊಟ್ಟಿ ಸುತ್ತೂ ಬಟ್ಟಿ," ಎಂದ. ಒಬ್ಬ ಟೀಚರಮ್ಮ ಮೂರು ಸಲ ಕೇಳಿದಳು. ಮೂರು ಸಲವೂ ಅದನ್ನೇ ಹೇಳಿದ. ಎಲ್ಲರೂ ಗಿರಮಿಟ್ಟು ತಿಂದು ಹೋದರು.

ಮಧ್ಯಾಹ್ನ ಆ ಸಾಹೇಬನೇ ತಿರುಗಿ ಬಂದ. ಹಸಿದಿದ್ದ.

"ಏನಪ್ಪ, ರೊಟ್ಟಿ ಇದೆಯಾ?"

ಇತ್ತು. ಅವ್ವ ಬುತ್ತಿ ಕಟ್ಟಿ ತಂದಿದ್ದ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ. ಅಡಿವೆಪ್ಪ ಬುತ್ತಿ ಬಿಚ್ಚಿ ರೊಟ್ಟಿ ತೆಗೆದ. ಸುತ್ತಿ ಕೊಡಬೇಕು. ಸಾಹೇಬರಿಗೆ ಕೊಡುವಾಗ ಚಲೋ ಬಟ್ಟೆಯಲ್ಲೇ ಕೊಡಬೇಕು. ಎಂಟು ತಿಂಗಳ ಕೌದಿಯನ್ನು ಎತ್ತಿ, ನಾಲ್ಕು ರೊಟ್ಟಿಯನ್ನು ಅದರ ನಡುವೆ ಇಟ್ಟು, ಮಡಚಿ, ಗಂಟು ಮಾಡಿ ಕೊಟ್ಟ. ಸಾಹೇಬ ಒಂದು ಗಳಿಗೆ ಗಂಟು ನೋಡಿದ, ಒಂದು ಗಳಿಗೆ ಅಡಿವೆಪ್ಪನನ್ನು ನೋಡಿದ. ಬೇಡ ಎನ್ನಲಿಲ್ಲ. ಹೊತ್ತುಕೊಂಡು ಹೋದ.

ಮೇಲಿನ ಅಧಿಕಾರಿ ಮೀಟಿಂಗಿನಲ್ಲಿದ್ದಾರೆ ಎಂದು ನಾಲ್ಕು ಬಾಗಿಲು ಅಲೆದು, ದ್ಯಾಮವ್ವ ಬರಿಗೈಲಿ ಬಂದಳು. ಎಣಿಸಿದಳು. ಹನ್ನೊಂದು.

"ನಂದೆಲ್ಲೋ?"

"ಸಾಹೇಬ ರೊಟ್ಟಿ ಕೇಳಿದ ಬೇ. ಸುತ್ತಿ ಕೊಟ್ಟೆ."

ದ್ಯಾಮವ್ವ ಮಗನ ರಟ್ಟೆ ಹಿಡಿದು ಎಳೆದುಕೊಂಡು ನಡೆದಳು. ಮೊಣಕಾಲು ನೋವು ಆ ಹೊತ್ತು ಎಲ್ಲಿ ಹೋಯಿತೋ. ಮೇಳದ ಕಚೇರಿ ಡೇರೆಯೊಳಗೆ ನುಗ್ಗಿದಳು.

ಸಾಹೇಬ ಉಂಡು ಕೈ ಒರೆಸಿಕೊಳ್ಳುತ್ತಿದ್ದ. ಕೌದಿ ಮೇಜಿನ ಮೇಲೆ ಹಾಸಿತ್ತು. ಅದರ ಮೇಲೆ ಕಂಪ್ಯೂಟರು, ಅರ್ಜಿಗಳೆಲ್ಲ ಇದ್ದ ಕಂಪ್ಯೂಟರು. ಅವನು ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಪಕ್ಕದವನಿಗೆ ಹೇಳುತ್ತಿದ್ದ:

"ನೋಡ್ರಿ ಎಂಥಾ ಕೆಲಸ. ಹೀಗೆ ಹೊಲಿಯೋರು ಇದ್ದಾರೆ, ಆದರೆ ಒಬ್ಬರೂ ಅರ್ಜಿ ಹಾಕೋದಿಲ್ಲ. ಒಂದು ಫೋಟೋ ಸ್ಪಷ್ಟವಾಗಿ ತೆಗೆದು, ಎರಡು ಎಂಬಿ ಒಳಗೆ ಕಳಿಸೋಕೆ ಇವರಿಗೇನು ಕಷ್ಟ?"

ದ್ಯಾಮವ್ವ ಅವನ ಎದುರು ನಿಂತಳು. ಒಂದು ಗಾಜಿನೊಳಗಿಂದ ಅವನನ್ನು ನೋಡಿದಳು.

"ಕಳಿಸಿದ್ದೆ. ಐದು ದಿನ ಒದ್ದಾಡಿ ಕಳಿಸಿದ್ದೆ. ಇದರ ಫೋಟೋನ ಕಳಿಸಿದ್ದೆ. ನಿಮ್ಮ ಈ ಡಬ್ಬಿಯೊಳಗ ಐತಿ ಅದು, ಹೊಲಿಗಿ ಹೊಲಿಗಿ ಎಣಿಸಬೌದು, ತಗದು ನೋಡ್ರಿ. ನೋಡೂದ ಇಲ್ಲ ಅಂದ್ರ ಸ್ಪಷ್ಟ ಯಾಕ ಕೇಳ್ತೀರಿ? ತಿರುವಿ ಹಾಕೂದ ಇಲ್ಲ ಅಂದ್ರ ಹಗುರ ಯಾಕ ಕೇಳ್ತೀರಿ?"

ಸಾಹೇಬ ಗಡಿಬಿಡಿಯಿಂದ ಪಟ್ಟಿ ಹುಡುಕತೊಡಗಿದ.

"ರೊಟ್ಟಿ ತಿಂದಿರಿ, ಇರ್ಲಿ, ಹಸದವರಿಗೆ ಕೊಟ್ಟದ್ದು ಅಂದ್ಕೋತೀನಿ. ಸುತ್ತಿದ ಬಟ್ಟಿ ನಂದು. ಅಡಿವೆಪ್ಪ, ತಗೋಳೋ ನಮ್ಮ ಕೌದಿ."

ಅಡಿವೆಪ್ಪ ಮೇಜು ನೋಡಿದ. ಕೌದಿ, ಕೌದಿಯ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಪ್ರಿಂಟರು, ಚಹಾದ ಕಪ್ಪು. ಎಷ್ಟೊಂದು ಇದೆ. ಅವನಿಗೆ ಅರ್ಜಿ ಹಾಕಿದ ವಾರದ ಬುಧವಾರದ ಮಾತು ನೆನಪಾಯಿತು. ಅವ್ವ ಹತ್ತು ಸಲ ಹೇಳಿದ್ದು, ತಾನು ಹನ್ನೊಂದು ಸಲ ಹೇಳಿಕೊಂಡದ್ದು. ಬೇಕಾದ್ದಷ್ಟು ತಗೋ, ಸುತ್ತಲಿದ್ದದ್ದು ಬಿಡು.

"ಏಯ್, ತಡೀ," ಎಂದು ಸಾಹೇಬ ಏಳುವುದರೊಳಗೆ, ಕೌದಿಯ ಎರಡು ಮೂಲೆ ಹಿಡಿದು ಒಂದೇ ಸಲಕ್ಕೆ ಎಳೆದ.

ಕೌದಿ ಬಂತು. ಸುತ್ತಲಿದ್ದದ್ದೆಲ್ಲ ಬಿತ್ತು. ಸದ್ದಿಗೆ ಮೇಳಕ್ಕೆ ಮೇಳವೇ ಡೇರೆಯ ಬಾಗಿಲಿಗೆ ಓಡಿಬಂತು, ಆ ಟೀಚರಮ್ಮ ಎಲ್ಲರಿಗಿಂತ ಮುಂದೆ. ಅಡಿವೆಪ್ಪ ಕೌದಿಯನ್ನು ಎರಡೂ ಕೈಯಲ್ಲಿ ಅಗಲಕ್ಕೆ ಎತ್ತಿ ಹಿಡಿದು ನಿಂತಿದ್ದ. ಕೆಂಪು ಸೀರೆ, ಹಳದಿ ರುಮಾಲು, ಅಕ್ಕಿಕಾಳಿನ ಹೊಲಿಗೆ, ಎಲ್ಲ ಎಲ್ಲರಿಗೂ ಕಂಡಿತು.

"ಯಾರು ಹೊಲಿದದ್ದಪ್ಪ ಇದು?" ಎಂದಳು ಟೀಚರಮ್ಮ.

"ನಮ್ಮವ್ವ. ದ್ಯಾಮವ್ವ," ಎಂದ. ಆಮೇಲೆ ನೆಲದ ಮೇಲೆ ನೂರು ಚೂರಾಗಿ ಬಿದ್ದಿದ್ದ ಕಂಪ್ಯೂಟರನ್ನು ನೋಡಿದ, ಕೌದಿಯನ್ನು ತಿರುಗಿಸಿ ಮುರುಗಿಸಿ ನೋಡಿದ, ಅವ್ವನ ಕಡೆ ತಿರುಗಿದ. ಅವನ ಮುಖ ಅರಳಿತ್ತು.

"ನೋಡ ಬೇ. ಈ ಸಲ ಬರೋಬ್ಬರಿ ಆತು. ಫೈಲ್ ಎಲ್ಲಾ ಸಣ್ಣಾಗ್ಯಾವು, ಒಂದು ಹೊಲಿಗೀನೂ ಹಾಳಾಗಿಲ್ಲ."